ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ ಮತ್ತು ಜಿಂಕೆ ಬೇಟೆ: ಅಮೆರಿಕದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪೆನ್ಸಿಲ್ವೇನಿಯಾದ ಕಾಡುಗಳಲ್ಲಿ ಬಿಳಿಬಾಲದ ಜಿಂಕೆಯನ್ನು ಮಜಲ್‌ಲೋಡರ್ ಕೋವಿಯಿಂದ ಬೇಟೆಯಾಡಲು ತೊಡಗಿದ ಮೇಲೆ, ಸ್ನೇಹಿತರ ಮನೆಯ ಊಟದಲ್ಲಿ, ಕನ್ನಡ ಕೂಟಗಳಲ್ಲಿ, ಪತ್ರಗಳಲ್ಲಿ ನನಗೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟುಗೂಡಿಸಿದ್ದೇನೆ. ಮಲೆನಾಡು, ಕೊಡಗುಗಳ ವಾಡಿಕೆಯಂತೆ ಮದ್ದು ಕುಟ್ಟುವ ಕೋಲನ್ನು ‘ಗಜ’ ಎಂದೇ ಕರೆದಿದ್ದೇನೆ. ಗೊಂದಲವಾಗಬಾರದೆಂದು ದೂರವನ್ನು ಮಾತ್ರ ಯಾರ್ಡಿನಲ್ಲಿ ಹೇಳಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಮಜಲ್‌ಲೋಡರ್ ಅಂದ್ರೆ ನಮ್ಮೂರ ಕೇಪಿನ ಕೋವಿನೇ ಅಲ್ವಾ?

ಹೌದು, ಕೇಪಿನ ಕೋವಿ, ಅಂದರೆ ಪೆಟ್ಟು ಬಿದ್ದೊಡನೆ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿಯಿಂದ ಹೊತ್ತಿಸುವ ಕೋವಿ, ಮಜಲ್‌ಲೋಡರಿನ ಒಂದು ಬಗೆ. ತೋಟಾ ಹಾಕುವ ಕೋವಿಯಲ್ಲಿ ಮದ್ದು, ಗುಂಡು, ಕಿಡಿ ಮೂರೂ ಒಂದೇ ಕೊಳವೆಯಲ್ಲಿ ಹಿಂದಿನಿಂದ ಒಳಹೋಗುತ್ತವೆ. ಇದರಲ್ಲಿ ಮದ್ದನ್ನು ಮತ್ತು ಗುಂಡನ್ನು ಒಂದಾದ ಮೇಲೊಂದರಂತೆ ನಳಿಗೆಯ ಬಾಯಿಂದ ಇಳಿಸಿ, ಗಜದಿಂದ ಒತ್ತಿ, ಕೊನೆಯಲ್ಲಿ ಕಿಡಿಯ ಏರ್ಪಾಡನ್ನು ಹೊರಗಿನಿಂದ ಮಾಡಬೇಕು. ನಮ್ಮೂರಿನ ಕೇಪಿನ ಕೋವಿಯ ನಳಿಗೆ ಸಾಮಾನ್ಯವಾಗಿ ಒಳಗೆ ನುಣುಪಾಗಿದ್ದು, ಅದರಲ್ಲಿ ಚರೆ ತುಂಬುವುದೇ ಹೆಚ್ಚು. ಅಮೆರಿಕದಲ್ಲಿ ಜಿಂಕೆಗೆ ಬಳಸುವ ಕೋವಿಗಳ ನಳಿಗೆಯೊಳಗೆ ಸುರುಳಿ ಗೆರೆಗಳಿರುತ್ತವೆ ಮತ್ತು ಅವುಗಳಿಂದ ಹಾರುವುದು ಒಂಟಿ ಗುಂಡು. ಕೇಪು ಬರುವುದಕ್ಕೂ ಮೊದಲಿನದು, ಉಕ್ಕಿಗೆ ಕಲ್ಲು ಬಡಿದು ಕಿಡಿ ಹಾರಿಸುವ ಚಕಮಕಿ ಕೋವಿ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಕೋವಿಗಳು ಚಕಮಕಿಯವು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಪೆಟ್ಟಿನಿಂದ ಹೊತ್ತುವ ರಾಸಾಯನಿಕಕ್ಕೆ ಪೇಟೆಂಟ್ ಪಡೆದನು. ಕೇಪು ಆ ದಾರಿಯಲ್ಲಿ ಮುಂದೆ ಬಂದದ್ದು.

ಒಳ್ಳೊಳ್ಳೆ ರೈಫಲ್‌ಗಳು ಸಿಗೋವಾಗ ಈ ಹಳೇ ಕೋವಿ ಯಾಕೆ ಬೇಕು?

ಮೊದಲ ಕಾರಣ ಋತು. ಅಮೆರಿಕದ ಹೆಚ್ಚಿನ ರಾಜ್ಯಗಳು ಮಜಲ್‌ಲೋಡರಿಗೆಂದೇ ಪ್ರತ್ಯೇಕ ದಿನಗಳನ್ನು ಗೊತ್ತುಮಾಡುತ್ತವೆ ಮತ್ತು ಆ ದಿನಗಳಲ್ಲಿ ಕಾಡಿನಲ್ಲಿ ಜನ ಕಡಿಮೆ ಇರುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಚಕಮಕಿ ಕೋವಿಯ ಋತು 1974ರಲ್ಲಿ ಆರಂಭವಾಯಿತು. ಇಂದಿಗೂ ಅದು ಕ್ರಿಸ್‌ಮಸ್ ಕಳೆದ ಬಳಿಕ, ಹಿಮ ಬಿದ್ದ ಕಾಡಿನಲ್ಲಿ ನಡೆಯುತ್ತದೆ. ಎರಡನೆಯ ಕಾರಣವನ್ನು ಅಳೆದು ತೋರಿಸಲಾರೆ. ಕೈಯಲ್ಲಿರುವುದು ಒಂದೇ ಈಡು ಎಂದು ಗೊತ್ತಿದ್ದಾಗ ಬೇಟೆಗಾರ ಪ್ರಾಣಿಗೆ ಹತ್ತಿರ ಹೋಗುತ್ತಾನೆ, ಹೆಚ್ಚು ಹೊತ್ತು ಕಾಯುತ್ತಾನೆ ಮತ್ತು ಅನುಮಾನವಿದ್ದರೆ ಹೊಡೆಯದೆ ಬಿಡುತ್ತಾನೆ. ನಾನು ಈ ಕೋವಿಯನ್ನು ಹಿಡಿದದ್ದು ಈ ಎರಡನೆಯ ಕಾರಣಕ್ಕೆ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಮಜಲ್‌ಲೋಡರ್ ಇಟ್ಟುಕೊಳ್ಳಬಹುದೇ?

ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಹೊಂದುವುದನ್ನು ಒಕ್ಕೂಟದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಆದರೆ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಅದರಲ್ಲೇ ವಿನಾಯಿತಿ ಇದೆ. ಇದರ ಜೊತೆಗೆ, ಕಪ್ಪು ಮದ್ದಿಗೆ ಅಥವಾ ಅದರ ಬದಲಿ ಮದ್ದಿಗೆ ರೂಪಿಸಿದ, ತೋಟಾ ಹಾಕಲು ಬಾರದ ಮಜಲ್‌ಲೋಡರನ್ನು ಅದೇ ಕಾನೂನು ‘ಪುರಾತನ ಆಯುಧ’ದ ಸಾಲಿಗೆ ಸೇರಿಸಿ, ಬಂದೂಕಿನ ವ್ಯಾಖ್ಯೆಯಿಂದ ಹೊರಗಿಡುತ್ತದೆ. ನಳಿಗೆ ಬದಲಿಸಿ ತೋಟಾ ರೈಫಲ್ ಮಾಡಿಕೊಳ್ಳಬಹುದಾದ ಮಾದರಿಗಳಿಗೆ ಈ ರಿಯಾಯಿತಿ ಇಲ್ಲ. ಇಷ್ಟಕ್ಕೇ ನಿಲ್ಲಬೇಡಿ, ಏಕೆಂದರೆ ರಾಜ್ಯದ ಕಾನೂನು ಬೇರೆಯೇ ಇರಬಹುದು. ಕನ್ನಡಿಗರು ಬಹಳ ಸಂಖ್ಯೆಯಲ್ಲಿರುವ ನ್ಯೂಜೆರ್ಸಿಯಲ್ಲಿ ಮಜಲ್‌ಲೋಡರ್ ಕೊಳ್ಳಲೂ ಬಂದೂಕಿನ ಗುರುತುಚೀಟಿ ಬೇಕಾಗುತ್ತದೆ. ವೀಸಾದಲ್ಲಿರುವವರಿಗೆ ಇಲ್ಲಿ ಒಂದು ತಪ್ಪು ಹೆಜ್ಜೆಯ ಬೆಲೆ ದೊಡ್ಡದು. ಕೊಳ್ಳುವ ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಮೊದಲ ಪರವಾನಗಿಗೆ ಮುನ್ನ ಬೇಟೆ ಶಿಕ್ಷಣದ ತರಗತಿಯನ್ನೂ ಬಹುತೇಕ ಎಲ್ಲ ರಾಜ್ಯಗಳು ಕಡ್ಡಾಯ ಮಾಡಿವೆ.

ಇಲ್ಲಿ ಕಲಿತು, ಊರಿಗೆ ಹೋದಾಗ ತೋಟಕ್ಕೆ ನುಗ್ಗೋ ಜಿಂಕೆಗೆ ಹೊಡೀಬಹುದಾ?

ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಭಾರತದಲ್ಲಿ ಜಿಂಕೆಯ ಬೇಟೆ ಅಪರಾಧ. ಬೆಳೆ ಕಾಯಲು ಮನೆಯಲ್ಲಿ ಪರವಾನಗಿಯ ಒಂಟಿ ನಳಿಗೆ ಕೋವಿ ಇದ್ದರೂ ಅದು ಬೇಟೆಗೆ ಅನುಮತಿಯಲ್ಲ. ಅಮೆರಿಕದಲ್ಲಿ ಜಿಂಕೆಗಳ ಎಣಿಕೆ ನೋಡಿ ಪರವಾನಗಿಗಳ ಸಂಖ್ಯೆ ನಿರ್ಧರಿಸುವ ವ್ಯವಸ್ಥೆ ಇದೆ. ಇಲ್ಲಿನ ಲೆಕ್ಕವನ್ನು ಅಲ್ಲಿಗೆ ಒಯ್ಯಲಾಗದು.

## ಕೋವಿಯ ಆಯ್ಕೆ

ಚಕಮಕಿ, ಕೇಪು, ಇನ್‌ಲೈನ್, ಈ ಮೂರರಲ್ಲಿ ಮೊದಲ ಕೋವಿ ಯಾವುದಿರಲಿ?

ನೀವು ಯಾವ ರಾಜ್ಯದಲ್ಲಿ, ಯಾವ ಋತುವಿನಲ್ಲಿ ಬೇಟೆಯಾಡುತ್ತೀರಿ ಎಂಬುದೇ ಅರ್ಧ ಉತ್ತರ ಕೊಡುತ್ತದೆ. ಪೆನ್ಸಿಲ್ವೇನಿಯಾದ ಕ್ರಿಸ್‌ಮಸ್ ನಂತರದ ಋತುವಿನಲ್ಲಿ ಚಕಮಕಿಗೆ ಮಾತ್ರ ಅವಕಾಶವಿದೆ. ಅದೇ ರಾಜ್ಯದಲ್ಲಿ ಅಕ್ಟೋಬರಿನಲ್ಲಿ ಕೊಂಬಿಲ್ಲದ ಜಿಂಕೆಗೆಂದು ಬರುವ ಮಜಲ್‌ಲೋಡರ್ ದಿನಗಳಲ್ಲಿ ಇನ್‌ಲೈನ್ ಹಿಡಿದು ಹೋಗಬಹುದು. ಇನ್‌ಲೈನ್ ಎಂದರೆ ಕಿಡಿಯು ಮದ್ದಿನ ನೇರ ಹಿಂದಿನಿಂದ ಬರುವ ಆಧುನಿಕ ವಿನ್ಯಾಸ. 1985ರಲ್ಲಿ ಟೋನಿ ನೈಟ್ ಹೊರತಂದ ಎಂಕೆ-85 ಇದನ್ನು ಜನಪ್ರಿಯಗೊಳಿಸಿತು. ಹೊಸಬರಿಗೆ ಇನ್‌ಲೈನ್ ಸುಲಭ: ಹಿಂಬದಿಯ ತಿರುಪು ಬಿಚ್ಚಿದರೆ ನಳಿಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತೊಳೆಯಬಹುದು, ತೇವ ಒಳಹೋಗುವುದು ಕಡಿಮೆ. ಪಕ್ಕದಲ್ಲಿ ಕುದುರೆ (ಟ್ರಿಗ್ಗರ್ ಒತ್ತಿದಾಗ ಬಡಿಯುವ ಸುತ್ತಿಗೆ) ಇರುವ ಕೇಪಿನ ಕೋವಿ ನಡುವಿನ ದಾರಿ. ಆದರೂ ನನ್ನನ್ನು ಕೇಳಿದರೆ, ಹತ್ತಿರದಲ್ಲಿ ಕಲಿಸುವವರೊಬ್ಬರಿದ್ದರೆ ಚಕಮಕಿಯಿಂದಲೇ ತೊಡಗಿ ಎನ್ನುತ್ತೇನೆ. ಅದರಲ್ಲಿ ಕೈ ಪಳಗಿದವರು ಉಳಿದೆರಡರಲ್ಲಿ ತಪ್ಪುವುದು ಅಪರೂಪ. ಇಂಡಿಯಾನದ ಫ್ರೆಂಡ್‌ಶಿಪ್ ಊರಿನಲ್ಲಿ ನೆಲೆಯಿರುವ, 1933ರಲ್ಲಿ ಹುಟ್ಟಿದ ನ್ಯಾಷನಲ್ ಮಜಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ನಿನ ಕೂಟಗಳಲ್ಲಿ ಕಲಿಸುವ ಹಿರಿಯರು ಸಿಗುತ್ತಾರೆ.

ಎಲ್ಲರೂ .50 ತಗೋ ಅಂತಾರೆ. .45 ಅಥವಾ .54 ಆಗಲ್ವಾ?

ಆಗುತ್ತದೆ. ಆದರೆ .50, ಅಂದರೆ ಅರ್ಧ ಇಂಚು ಬಾಯಿಯ ಕೋವಿಗೆ ಗುಂಡು, ಬಟ್ಟೆ, ಬಿಡಿಭಾಗಗಳು ಎಲ್ಲೆಡೆ ಸಿಗುತ್ತವೆ, ಜಿಂಕೆಗೆ ಅದರ ಪೆಟ್ಟು ಸಾಲದು ಎಂಬ ಮಾತಿಲ್ಲ. ಬಾಯಿಯ ಅಳತೆಗಿಂತ ಹೆಚ್ಚಾಗಿ ನೋಡಬೇಕಾದದ್ದು ಸುರುಳಿಯ ವೇಗ. 66 ಇಂಚಿಗೆ ಒಂದು ಸುತ್ತು ಬರುವ ನಿಧಾನದ ಸುರುಳಿ ಬಟ್ಟೆ ಸುತ್ತಿದ ದುಂಡು ಗುಂಡಿಗೆ ಒಗ್ಗುತ್ತದೆ. 28 ಇಂಚಿಗೆ ಒಂದು ಸುತ್ತು ಬರುವ ಬಿಗಿ ಸುರುಳಿ ಉದ್ದನೆಯ ಗುಂಡಿಗೆ ಬೇಕು. 48 ಇಂಚಿನದು ಎರಡನ್ನೂ ಮಟ್ಟಸವಾಗಿ ಸಂಭಾಳಿಸುತ್ತದೆ. ಗುಂಡನ್ನು ಮೊದಲು ನಿರ್ಧರಿಸಿ, ಬಳಿಕ ಅದಕ್ಕೆ ತಕ್ಕ ನಳಿಗೆಯನ್ನು ಹುಡುಕಿ.

ಹಳೇ ಕೋವಿ ಅಗ್ಗಕ್ಕೆ ಸಿಗ್ತಿದೆ. ಏನು ನೋಡಿ ತಗೋಬೇಕು?

ಮೊದಲು ಅದು ಖಾಲಿ ಇದೆಯೇ ಎಂದು ನೋಡಿ. ಗಜವನ್ನು ಒಳಗಿಳಿಸಿ ಬಾಯಿಯ ಬಳಿ ಬೆರಳಿಟ್ಟು, ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿದರೆ, ಅದರ ತುದಿ ಹಿಂಬದಿಯ ಕಿಡಿಯ ಕಿಂಡಿಯವರೆಗೂ ಬರಬೇಕು. ಬಾರದಿದ್ದರೆ ಒಳಗೆ ಹಳೆಯ ಈಡು ಇದೆ ಎಂದೇ ತಿಳಿಯಿರಿ. ಗೋಡೆಗೆ ನೇತುಹಾಕಿದ ಅಜ್ಜನ ಕೋವಿಗಳಲ್ಲಿ ಹೀಗೆ ಸಿಗುವುದುಂಟು. ಆಮೇಲೆ ಬೆಳಕು ಬಿಟ್ಟು ನಳಿಗೆಯೊಳಗೆ ತುಕ್ಕಿನ ಗುಳಿಗಳಿವೆಯೇ ಎಂದು ನೋಡಿ. ಕುದುರೆ ಅರ್ಧ ಎಳೆದ ಸ್ಥಿತಿಯಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಟ್ರಿಗ್ಗರ್ ಒತ್ತಿದಾಗ ಅದು ಜಾರುವಂತಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ.

ದುರ್ಬೀನು ಹಾಕಿಸ್ಕೋಬೇಕಾ?

ನಿಮ್ಮ ರಾಜ್ಯ ಒಪ್ಪಿದರೆ ಮತ್ತು ಕಣ್ಣಿಗೆ ಅಗತ್ಯವಿದ್ದರೆ ಹಾಕಿಸಿಕೊಳ್ಳಿ. ಕೊಲರಾಡೊ ತನ್ನ ಮಜಲ್‌ಲೋಡರ್ ಋತುವಿನಲ್ಲಿ ದುರ್ಬೀನನ್ನು ಒಪ್ಪುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯ ಗುಂಡಿಗೂ ಬಿಲ್ಲೆ ರೂಪದ ಮದ್ದಿಗೂ ಅಲ್ಲಿ ಅವಕಾಶವಿಲ್ಲ. ಪ್ರತಿ ವರ್ಷದ ನಿಯಮಪುಸ್ತಕವನ್ನು ಹೊಸದಾಗಿ ಓದಬೇಕು.

## ಮದ್ದು ಮತ್ತು ಗುಂಡು

ಯಾವ ಮದ್ದು ಹಾಕಬೇಕು? ಈಗಿನ ರೈಫಲ್ ಮದ್ದನ್ನೇ ಸ್ವಲ್ಪ ಕಡಿಮೆ ಹಾಕಿದ್ರೆ ಆಗುತ್ತಾ?

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಆಗುವುದಿಲ್ಲ, ಎಷ್ಟು ಕಡಿಮೆ ಹಾಕಿದರೂ ಆಗುವುದಿಲ್ಲ. ಹೊಗೆಯಿಲ್ಲದ ಆಧುನಿಕ ಮದ್ದಿನ ಒತ್ತಡ ಕಪ್ಪು ಮದ್ದಿಗೆಂದು ಮಾಡಿದ ನಳಿಗೆಯನ್ನು ಸೀಳಿಬಿಡಬಲ್ಲದು. ಅದಕ್ಕೆಂದೇ ತಯಾರಾದ ಸ್ಯಾವೇಜ್ 10ಎಂಎಲ್-2ರಂಥ ಕೆಲವೇ ಮಾದರಿಗಳು ಇದಕ್ಕೆ ಹೊರತು.

ಅಸಲಿ ಕಪ್ಪು ಮದ್ದಿನಲ್ಲಿ ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10ರ ಪಾಲಿನಲ್ಲಿರುತ್ತವೆ. ಅದರ ಕಾಳಿನ ದಪ್ಪವನ್ನು ಎಫ್ ಅಕ್ಷರಗಳಲ್ಲಿ ಸೂಚಿಸುತ್ತಾರೆ, ಎಫ್ ಹೆಚ್ಚಿದಷ್ಟೂ ಕಾಳು ಸಣ್ಣದು. .50 ನಳಿಗೆಗೆ ಎರಡು ಎಫ್‌ನದು ವಾಡಿಕೆ. ನಾಲ್ಕು ಎಫ್‌ನದು ಚಕಮಕಿಯ ಬಟ್ಟಲಿಗೆ (ಕಿಂಡಿಯ ಪಕ್ಕ, ಕಿಡಿ ಬೀಳುವ ಪುಟ್ಟ ಕುಳಿ) ಮಾತ್ರ, ಅದನ್ನು ನಳಿಗೆಗೆ ಹಾಕಬಾರದು. ಪೈರೊಡೆಕ್ಸ್, ಟ್ರಿಪಲ್ ಸೆವೆನ್, ಬ್ಲಾಕ್‌ಹಾರ್ನ್ 209 ಇವು ಬದಲಿ ಮದ್ದುಗಳು. ಇವು ಹೊತ್ತಿಕೊಳ್ಳಲು ಹೆಚ್ಚು ಶಾಖ ಬೇಕಾದ್ದರಿಂದ ಚಕಮಕಿಯಲ್ಲಿ ನಂಬಲಾಗದು, ಅಲ್ಲಿ ಅಸಲಿ ಕಪ್ಪು ಮದ್ದೇ ಬೇಕು. ಬ್ಲಾಕ್‌ಹಾರ್ನ್ 209ಕ್ಕೆ ಷಾಟ್‌ಗನ್ ತೋಟೆಯಲ್ಲಿ ಬಳಸುವ 209 ಪ್ರೈಮರಿನ ಬಲವಾದ ಕಿಡಿ ಅಗತ್ಯ.

ಮದ್ದನ್ನು ತಕ್ಕಡಿಯಲ್ಲಿ ತೂಗಬೇಕೋ, ಅಳತೆಯಲ್ಲಿ ಹಾಕಬೇಕೋ? ಎಷ್ಟು ಹಾಕಬೇಕು?

ಅಡುಗೆಮನೆಯಲ್ಲಿ ಪಾವು, ಸೇರು ಅಳೆಯುವಂತೆ ಅಳತೆಯ ಕೊಳವೆಯಲ್ಲಿಯೇ ಹಾಕಬೇಕು. ಗ್ರೇನ್ ಎಂಬುದು ಮೂಲದಲ್ಲಿ ತೂಕದ ಮಾನ. 100 ಗ್ರೇನ್ ಎಂದರೆ ಸುಮಾರು ಆರೂವರೆ ಗ್ರಾಂ. ಆದರೆ ಬದಲಿ ಮದ್ದುಗಳು ಕಪ್ಪು ಮದ್ದಿಗಿಂತ ಹಗುರ. 100 ಗ್ರೇನ್ ಕಪ್ಪು ಮದ್ದು ಹಿಡಿಯುವ ಜಾಗದಲ್ಲಿ ಅವು ಎಷ್ಟು ಹಿಡಿಯುತ್ತವೋ ಅದೇ ಅವುಗಳ ‘100 ಗ್ರೇನ್ ಅಳತೆ’. ತಕ್ಕಡಿಯಲ್ಲಿ 100 ಗ್ರೇನ್ ತೂಗಿ ಹಾಕಿದರೆ ಮದ್ದು ಮಿತಿಮೀರುತ್ತದೆ. ಟ್ರಿಪಲ್ ಸೆವೆನ್ ಅಳತೆಗೆ ಅಳತೆ ಹೋಲಿಸಿದರೂ ಕಪ್ಪು ಮದ್ದಿಗಿಂತ ಬಿರುಸು, ಆದ್ದರಿಂದ ಸುಮಾರು ಶೇ. 15ರಷ್ಟು ಇಳಿಸಬೇಕು. .50 ನಳಿಗೆಯ ದುಂಡು ಗುಂಡಿಗೆ ನಾನು ಎರಡು ಎಫ್‌ನ 70 ಗ್ರೇನಿನಿಂದ ತೊಡಗಿ, ಐದೈದು ಏರಿಸುತ್ತ, ಗುರಿಹಲಗೆಯ ಮೇಲೆ ತೂತುಗಳು ಒತ್ತಾಗಿ ಬೀಳುವಲ್ಲಿ ನಿಲ್ಲಿಸಿದೆ. ನನ್ನ ಕೋವಿಗೆ ಅದು 80 ಆಯಿತು. ನಿಮ್ಮದಕ್ಕೆ ತಯಾರಕರ ಕೈಪಿಡಿ ಹೇಳುವ ಗರಿಷ್ಠ ಮಿತಿಯೊಳಗೆ ನೀವೇ ಕಂಡುಕೊಳ್ಳಬೇಕು.

ದುಂಡು ಗುಂಡು ಸಾಕೋ, ಉದ್ದನೆಯ ಗುಂಡು ಬೇಕೋ?

.50 ಕೋವಿಗೆ .490 ಇಂಚಿನ, ಸುಮಾರು 177 ಗ್ರೇನ್ ತೂಗುವ ಮೆದು ಸೀಸದ ದುಂಡು ಗುಂಡನ್ನು ಜಿಡ್ಡು ಸವರಿದ ಹತ್ತಿ ಬಟ್ಟೆಯ ಬಿಲ್ಲೆಯಲ್ಲಿ ಸುತ್ತಿ ಇಳಿಸುತ್ತಾರೆ. ಸುರುಳಿ ಗೆರೆಯನ್ನು ಹಿಡಿಯುವುದು ಆ ಬಟ್ಟೆ. ಹತ್ತಿರದಲ್ಲಿ ಇದು ಜಿಂಕೆಯನ್ನು ಖಚಿತವಾಗಿ ಬೀಳಿಸುತ್ತದೆ, ಆದರೆ ಗಾಳಿಯಲ್ಲಿ ಬೇಗ ಸೋಲುತ್ತದೆ: 100 ಯಾರ್ಡ್ ತಲುಪುವಷ್ಟರಲ್ಲಿ ಹೊರಟಾಗಿನ ಶಕ್ತಿಯ ಸುಮಾರು ಮೂರನೆಯ ಒಂದು ಪಾಲು ಮಾತ್ರ ಉಳಿದಿರುತ್ತದೆ. ಉದ್ದನೆಯ ಸೀಸದ ಗುಂಡು, ಅಥವಾ ಸ್ಯಾಬೊ ಎಂಬ ಪ್ಲಾಸ್ಟಿಕ್ ಹೊದಿಕೆಯೊಳಗಿನ ಸಣ್ಣ ಗುಂಡು ದೂರಕ್ಕೆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೀಸದ ಸಣ್ಣ ಚೂರುಗಳು ಮಾಂಸದಲ್ಲಿ ಉಳಿಯುವ ಚಿಂತೆಯಿದ್ದರೆ, ಮುಖ್ಯವಾಗಿ ಮನೆಯಲ್ಲಿ ಮಕ್ಕಳು ಉಣ್ಣುವುದಾದರೆ, ಇನ್‌ಲೈನಿನಲ್ಲಿ ತಾಮ್ರದ ಗುಂಡು ಬಳಸಿ.

## ತುಂಬುವುದು ಮತ್ತು ಹೊಡೆಯುವುದು

ತುಂಬೋ ಕ್ರಮ ಒಂದ್ಸಲ ಸರಿಯಾಗಿ ಹೇಳ್ತೀರಾ?

ಗಜ ಇಳಿಸಿ ನಳಿಗೆ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಒಣ ಬಟ್ಟೆಯಿಂದ ಒಳಗಿನ ಎಣ್ಣೆಯನ್ನು ಒರೆಸಬೇಕು. ಕೇಪಿನ ಕೋವಿಯಾದರೆ, ಸುರಕ್ಷಿತ ದಿಕ್ಕಿಗೆ ಹಿಡಿದು ಒಂದು ಬರಿ ಕೇಪು ಹೊಡೆದರೆ ಕಿಂಡಿ ತೆರೆದುಕೊಳ್ಳುತ್ತದೆ. ಮದ್ದನ್ನು ಡಬ್ಬಿಯಿಂದ ಅಳತೆಯ ಕೊಳವೆಗೆ, ಕೊಳವೆಯಿಂದ ನಳಿಗೆಗೆ ಸುರಿಯಬೇಕು. ಡಬ್ಬಿಯಿಂದ ನೇರವಾಗಿ ಎಂದಿಗೂ ಸುರಿಯಬಾರದು, ಏಕೆಂದರೆ ಹಿಂದಿನ ಈಡಿನ ಒಂದು ಕೆಂಡ ನಳಿಗೆಯ ಅಡಿಯಲ್ಲಿ ಉಳಿದಿದ್ದರೂ ಕೈಯಲ್ಲಿರುವ ಡಬ್ಬಿಯೇ ಸಿಡಿಯುತ್ತದೆ. ಬಟ್ಟೆ, ಅದರ ಮೇಲೆ ಗುಂಡು ಇಟ್ಟು, ಮೋಟು ಕೋಲಿನಿಂದ ಒಳಗೆ ತಳ್ಳಿ, ಬಳಿಕ ಗಜವನ್ನು ಬಾಯಿಯ ಹತ್ತಿರವೇ ಹಿಡಿಯುತ್ತ ಗಿಡ್ಡ ಗಿಡ್ಡ ಒತ್ತುಗಳಲ್ಲಿ ಇಳಿಸಿ. ಮೇಲೆ ಹಿಡಿದು ಒಂದೇ ಸಲ ಒತ್ತಿದರೆ ಮರದ ಗಜ ಮುರಿದು ಅಂಗೈಗೆ ಚುಚ್ಚುತ್ತದೆ. ಮುಖ ಮತ್ತು ಎದೆಯನ್ನು ಬಾಯಿಯಿಂದ ಆಚೆಗಿರಿಸಿ.

ಗುಂಡು ಮದ್ದಿನ ಮೇಲೆ ತಾಗಿ ಕೂರಬೇಕು. ನಡುವೆ ತೆರಪು ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಸರಿಯಾಗಿ ಕೂತಾಗ ಗಜದ ಮೇಲೆ ಬಾಯಿಯ ಮಟ್ಟಕ್ಕೆ ಒಂದು ಗೆರೆ, ಖಾಲಿ ನಳಿಗೆಯಲ್ಲಿ ಇನ್ನೊಂದು ಗೆರೆ ಕೊರೆದಿಡಿ. ಗೆರೆ ಮೇಲೆ ಉಳಿದರೆ ಗುಂಡು ಪೂರ್ತಿ ಇಳಿದಿಲ್ಲ, ಇಲ್ಲವೇ ಒಳಗೆ ಎರಡು ಈಡುಗಳಿವೆ. ಕೆಳಗಿಳಿದರೆ ಮದ್ದು ಕಡಿಮೆ ಬಿದ್ದಿದೆ. ಈ ಎರಡು ಗೆರೆಗಳಷ್ಟು ಅಗ್ಗದ, ಅಷ್ಟೇ ಬೆಲೆಬಾಳುವ ಸಾಧನ ನನಗೆ ಬೇರೆ ಗೊತ್ತಿಲ್ಲ. ಗಜವನ್ನು ಹೊರತೆಗೆದ ಮೇಲೆಯೇ, ಕೂರುವ ಜಾಗ ತಲುಪಿದ ನಂತರವೇ ಕೇಪು ಹಾಕಿ ಅಥವಾ ಬಟ್ಟಲಿಗೆ ಮದ್ದು ಹಾಕಿ.

ಕುದುರೆ ಬಿತ್ತು, ಈಡು ಹಾರಲಿಲ್ಲ. ಆಗ?

ಕೋವಿಯನ್ನು ಗುರಿಯ ದಿಕ್ಕಿನಲ್ಲೇ ಹಿಡಿದು ಕನಿಷ್ಠ ಒಂದು ನಿಮಿಷ ಅಲುಗದೆ ನಿಲ್ಲಿ. ಮದ್ದು ಒಳಗೊಳಗೇ ಹೊಗೆಯಾಡಿ ತಡವಾಗಿ ಹಾರುವುದುಂಟು. ಆಮೇಲೆ ಕಿಂಡಿಯನ್ನು ಸೂಜಿಯಿಂದ ಬಿಡಿಸಿ, ಹೊಸ ಕೇಪು ಹಾಕಿ ಮತ್ತೆ ಪ್ರಯತ್ನಿಸಿ.

ಮದ್ದು ಹಾಕೋದೇ ಮರೆತು ಗುಂಡು ಇಳಿಸಿಬಿಟ್ಟೆ, ಹೇಗೆ ತೆಗೆಯೋದು?

ಇದು ಹಳೆಬರಿಗೂ ಆಗುತ್ತದೆ, ಹೆಚ್ಚಾಗಿ ಮಾತನಾಡುತ್ತ ತುಂಬುವಾಗ. ಕೇಪಿನ ಕೋವಿಯಲ್ಲಿ ಕೇಪು ಕೂರುವ ತೊಟ್ಟನ್ನು ಬಿಚ್ಚಿ, ಚಕಮಕಿಯಲ್ಲಿ ಕಿಂಡಿಯ ಮೂಲಕ, ಚಿಟಿಕೆಯಷ್ಟು ಸಣ್ಣ ಮದ್ದನ್ನು ಒಳಸೇರಿಸಿ, ಗುಂಡು ಅಡಿಗೆ ತಾಗಿ ಕೂತಿದೆಯೆಂದು ಗಜದಿಂದ ನೋಡಿ, ಸುರಕ್ಷಿತ ದಿಕ್ಕಿಗೆ ಹೊಡೆದು ಹೊರಹಾಕಬಹುದು. ಗಜದ ತುದಿಗೆ ಸಿಕ್ಕಿಸುವ ತಿರುಪಿನಿಂದಲೂ, ಇಂಗಾಲಾಮ್ಲದ ಸಣ್ಣ ಸಿಲಿಂಡರಿನ ಗಾಳಿಯಿಂದಲೂ ತೆಗೆಯಬಹುದು. ಒಳಗೆ ಮದ್ದು ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ತಿರುಪು ಹಾಕಬೇಡಿ.

ಎಷ್ಟು ದೂರದಿಂದ ಹೊಡೀಬಹುದು?

ದುರ್ಬೀನಿಲ್ಲದ, ದುಂಡು ಗುಂಡಿನ ಕೋವಿಗೆ 75 ಯಾರ್ಡ್, ಹೆಚ್ಚೆಂದರೆ 100 ಯಾರ್ಡ್. ದುರ್ಬೀನಿನ ಇನ್‌ಲೈನಿಗೆ 150 ಎನ್ನುವುದು ನ್ಯಾಯವಾದ ಮಿತಿ. ಆದರೆ ಇದು ಕೋವಿಯ ಲೆಕ್ಕ, ನಿಮ್ಮದನ್ನು ಬೇರೆಯಾಗಿ ಅಳೆಯಬೇಕು. ಜಿಂಕೆಯ ಹೃದಯ ಮತ್ತು ಶ್ವಾಸಕೋಶದ ಜಾಗ ಸುಮಾರು ಎಂಟು ಇಂಚಿನ ಕಾಗದದ ತಟ್ಟೆಯಷ್ಟಿರುತ್ತದೆ. ಬೆಂಚಿನ ಆಸರೆಯಿಲ್ಲದೆ, ಕಾಡಿನಲ್ಲಿ ಕೂರುವಂತೆಯೇ ಕೂತು ಹೊಡೆದಾಗ ಐದಕ್ಕೆ ಐದೂ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ದೂರ. ನನ್ನದು 60 ಯಾರ್ಡ್. ಅದಕ್ಕಿಂತ ಆಚೆ ನಿಂತ ಜಿಂಕೆಯನ್ನು ನಾನು ನೋಡಿ ಕಳಿಸುತ್ತೇನೆ. ಪ್ರಾಣಿ ಪಕ್ಕಕ್ಕೆ ತಿರುಗಿ ನಿಂತಿರಬೇಕು, ಗುರಿ ಮುಂಗಾಲಿನ ಹಿಂದೆಯೇ ಇರಬೇಕು. ಓಡುವ ಜಿಂಕೆಗೆ ಒಂಟಿ ಈಡಿನ ಕೋವಿಯಿಂದ ಹೊಡೆಯುವುದು ಸಲ್ಲದು.

ಮಳೆ, ಹಿಮದಲ್ಲಿ ಮದ್ದು ಒದ್ದೆಯಾಗಲ್ವಾ?

ಆಗುತ್ತದೆ. ಒಂದು ಡಿಸೆಂಬರಿನ ಸಂಜೆ ಮೂವತ್ತು ಯಾರ್ಡಿನಲ್ಲಿ ಹೆಣ್ಣುಜಿಂಕೆ ನಿಂತಿದ್ದಾಗ ನನ್ನ ಕೋವಿಯ ಬಟ್ಟಲಲ್ಲಿ ಬರಿದೇ ಮಿಂಚಿತು, ನಳಿಗೆ ಸುಮ್ಮನಿತ್ತು. ಬೆಳಿಗ್ಗೆ ಬೆಚ್ಚಗಿನ ಕಾರಿನಿಂದ ಕೋವಿಯನ್ನು ಚಳಿಗೆ ತೆಗೆದು, ಮಧ್ಯಾಹ್ನ ಮತ್ತೆ ಕಾರಿನೊಳಗಿಟ್ಟು ಊಟ ಮಾಡಿದ್ದೆ. ತಣ್ಣಗಿನ ಕಬ್ಬಿಣ ಬಿಸಿಗಾಳಿ ಸೋಕಿ ಬೆವರಿತ್ತು, ಆ ತೇವ ಮದ್ದಿಗೆ ಇಳಿದಿತ್ತು. ಅಂದಿನಿಂದ ದಿನದ ಕೊನೆಯಲ್ಲಿ, ನಿಯಮ ಒಪ್ಪುವ ಜಾಗದಲ್ಲಿ, ಈಡನ್ನು ಮಣ್ಣಿನ ದಿಬ್ಬಕ್ಕೆ ಹೊಡೆದು ಖಾಲಿ ಮಾಡಿ, ತೊಳೆದು, ಮರುದಿನ ಹೊಸದಾಗಿ ತುಂಬುತ್ತೇನೆ. ಕೇಪು ತೆಗೆದ ಕೋವಿಯನ್ನು ಅನೇಕ ರಾಜ್ಯಗಳ ನಿಯಮ ‘ಖಾಲಿ’ ಎಂದು ಪರಿಗಣಿಸಿದರೂ, ಮದ್ದು ತುಂಬಿದ ಕೋವಿಯನ್ನು ಮನೆಯೊಳಗೆ ತರುವುದನ್ನು ನಾನು ಒಪ್ಪುವುದಿಲ್ಲ. ನಳಿಗೆಯ ಬಾಯಿಗೆ ಒಂದು ತುಂಡು ತೆಳು ಟೇಪು ಅಂಟಿಸಿದರೆ ಹಿಮ ಒಳಸೇರದು. ಗುಂಡಿನ ಮುಂದೆ ನುಗ್ಗುವ ಗಾಳಿಯೇ ಅದನ್ನು ಹರಿಯುತ್ತದೆ. ಚಕಮಕಿಯ ಯಂತ್ರಕ್ಕೆ ಜಿಡ್ಡು ತಿಕ್ಕಿದ ಚರ್ಮದ ಹೊದಿಕೆ ಹಾಕಿ.

ಹೊಡೆದ ಮೇಲೆ ಹೊಗೆ ಬಿಟ್ಟು ಏನೂ ಕಾಣಲ್ಲ. ಬಿತ್ತೋ ಓಡಿತೋ ಹೇಗೆ ತಿಳಿಯೋದು?

ಹೊಡೆಯುವ ಮೊದಲೇ ಪ್ರಾಣಿ ನಿಂತ ಜಾಗವನ್ನು ಒಂದು ಮರ ಅಥವಾ ಕಲ್ಲಿನಿಂದ ಗುರುತಿಟ್ಟುಕೊಳ್ಳಿ. ಈಡು ಹಾರಿದೊಡನೆ ಬಗ್ಗಿ ಹೊಗೆಯ ಕೆಳಗಿನಿಂದ ನೋಡಿ, ಕಿವಿಗೊಟ್ಟು ಕೇಳಿ. ಮುಂದಕ್ಕೆ ಓಡುವ ಮೊದಲು ಕೂತಲ್ಲೇ ಮತ್ತೆ ತುಂಬಿ. ಅರ್ಧ ಗಂಟೆ ಕಾದು ಹೋದರೆ ನೆಲದ ರಕ್ತವೇ ಹೇಳುತ್ತದೆ: ನೊರೆಯಿರುವ ತಿಳಿಗೆಂಪು ಶ್ವಾಸಕೋಶದ್ದು, ಗಾಢ ಕೆಂಪು ಪಿತ್ತಜನಕಾಂಗದ್ದು, ಹಸಿರು ಬೆರೆತಿದ್ದರೆ ಹೊಟ್ಟೆಗೆ ತಗುಲಿದೆ. ಕೊನೆಯದಾದರೆ ಹಲವು ಗಂಟೆ ಕಾಯಬೇಕು, ಬೇಗ ಬೆನ್ನಟ್ಟಿದರೆ ನೋವಿನಲ್ಲಿರುವ ಪ್ರಾಣಿ ಮೈಲಿಗಟ್ಟಲೆ ಹೋಗಿ ಕೈತಪ್ಪುತ್ತದೆ. ಗಾಯಗೊಂಡ ಜಿಂಕೆಯನ್ನು ಹುಡುಕದೆ ಮನೆಗೆ ಬರಬಾರದು.

ಜಿಂಕೆಗಳಿಗೆ ಏನೋ ರೋಗ ಇದೆಯಂತೆ, ಮಾಂಸ ತಿನ್ನಬಹುದಾ?

ಅದು ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮೆದುಳಿನ ರೋಗ. 1967ರಲ್ಲಿ ಕೊಲರಾಡೊದಲ್ಲಿ ಸಾಕಿದ ಜಿಂಕೆಗಳಲ್ಲಿ ಮೊದಲು ಕಂಡುಬಂದಿತು, 2012ರಿಂದ ಪೆನ್ಸಿಲ್ವೇನಿಯಾದಲ್ಲೂ ಇದೆ. ಮನುಷ್ಯರಿಗೆ ಹರಡಿದ ದೃಢಪಟ್ಟ ಪ್ರಕರಣವಿಲ್ಲ. ಆದರೂ ರೋಗವಿರುವ ಪ್ರದೇಶದ ಜಿಂಕೆಯನ್ನು ಪರೀಕ್ಷೆ ಮಾಡಿಸಿ, ರೋಗ ಕಂಡರೆ ತಿನ್ನಬಾರದೆಂದು ಆರೋಗ್ಯ ಇಲಾಖೆಯ ಸಲಹೆ. ಇದಕ್ಕೆ ಕಾರಣವಾದ ಪ್ರಿಯಾನ್ ಎಂಬ ಪ್ರೋಟೀನು ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ನಾಶವಾಗುವುದಿಲ್ಲ. ಮೆದುಳು ಮತ್ತು ಬೆನ್ನುಹುರಿಯನ್ನು ಮುಟ್ಟದೆ, ಕೈಗವಸು ಹಾಕಿ ಕೊಯ್ಯಿರಿ.

## ಪಳಗಿದವರ ಪ್ರಶ್ನೆಗಳು

ಪ್ರತಿ ಸಲವೂ ತೊಳೆಯಲೇಬೇಕಾ?

ಅದೇ ದಿನ ತೊಳೆಯಬೇಕು. ಕಪ್ಪು ಮದ್ದು ಉರಿದು ಉಳಿಯುವ ಲವಣಗಳು ಗಾಳಿಯ ತೇವವನ್ನು ಹೀರಿ ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ತರಬಲ್ಲವು. ಪಾತ್ರೆ ತೊಳೆಯುವ ಸಾಬೂನಿನ ನಾಲ್ಕು ಹನಿ ಬೆರೆತ ಬಿಸಿನೀರೇ ಒಳ್ಳೆಯ ಔಷಧ. ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಉಜ್ಜಿ, ಒಣಗಿಸಿ, ಎಣ್ಣೆ ಸವರಿ. ಬ್ಲಾಕ್‌ಹಾರ್ನ್ 209ಕ್ಕೆ ಮಾತ್ರ ನೀರಿನ ಬದಲು ಬಂದೂಕಿನ ಸಾಲ್ವೆಂಟ್ ಬೇಕು. ಮರುದಿನ ಒಣ ಬಟ್ಟೆಯೊಂದನ್ನು ಇಳಿಸಿ ನೋಡಿ, ಕಂದು ಬಣ್ಣ ಬಂದರೆ ಇನ್ನೊಮ್ಮೆ ತೊಳೆಯಬೇಕು.

ಬೇರೆ ರಾಜ್ಯಕ್ಕೆ ವಿಮಾನದಲ್ಲಿ ತಗೊಂಡು ಹೋಗಬಹುದಾ?

ಕೋವಿಯನ್ನು ಖಾಲಿ ಮಾಡಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ವಿಮಾನ ಸಂಸ್ಥೆಗೆ ತಿಳಿಸಿ, ಲಗೇಜಿಗೆ ಹಾಕಬಹುದು. ಕಪ್ಪು ಮದ್ದು ಮತ್ತು ಕೇಪುಗಳನ್ನು ಕೈಚೀಲದಲ್ಲಾಗಲಿ, ಲಗೇಜಿನಲ್ಲಾಗಲಿ ಒಯ್ಯುವಂತಿಲ್ಲ. ಅವನ್ನು ತಲುಪಿದ ಊರಿನಲ್ಲಿಯೇ ಕೊಳ್ಳಬೇಕು.

ನನ್ನ ಚಕಮಕಿ ಕೋವಿ ಹೊತ್ತೋಕೆ ತಡ ಮಾಡುತ್ತೆ. ಕೋವಿ ತಪ್ಪಾ, ನನ್ನ ತಪ್ಪಾ?

ಮೊದಲು ಕಲ್ಲನ್ನು ನೋಡಿ. ಅದರ ಅಂಚು ಹರಿತವಾಗಿರಬೇಕು, ಚರ್ಮ ಸುತ್ತಿ ಕುದುರೆಯ ದವಡೆಯಲ್ಲಿ ಬಿಗಿಯಾಗಿ ಕೂತಿರಬೇಕು, ಫ್ರಿಜ಼ನ್ ಎಂಬ ಉಕ್ಕಿನ ತಟ್ಟೆಗೆ ಅಂಚು ಉದ್ದಕ್ಕೂ ಒಂದೇ ಸಮನೆ ತಾಗಬೇಕು. ಕತ್ತಲ ಕೋಣೆಯಲ್ಲಿ, ನಳಿಗೆಯೂ ಬಟ್ಟಲೂ ಖಾಲಿ ಇರುವಾಗ, ಹತ್ತಿರದಲ್ಲೆಲ್ಲೂ ಮದ್ದಿಲ್ಲದಂತೆ ನೋಡಿಕೊಂಡು ಒಮ್ಮೆ ಕುದುರೆ ಬೀಳಿಸಿ: ಕಿಡಿಗಳು ದಟ್ಟವಾಗಿ ಬಟ್ಟಲಿನ ನಡುವೆ ಬೀಳುತ್ತಿದ್ದರೆ ಯಂತ್ರ ಸರಿಯಿದೆ. ಹಿಂದಿನವರು ರಂಜಕ ಎನ್ನುತ್ತಿದ್ದ ಬಟ್ಟಲಿನ ಮದ್ದು ಅರ್ಧ ಬಟ್ಟಲಿಗಿಂತ ಹೆಚ್ಚು ಬೇಡ. ಕಿಂಡಿಯ ಒಳಗೆ ಮದ್ದು ಗಿಡಿದುಕೊಂಡರೆ ಅದು ಪಟಾಕಿಯ ಬತ್ತಿಯಂತೆ ಕಾಳು ಕಾಳಾಗಿ ಉರಿದು ತಡಮಾಡುತ್ತದೆ. ಕಿಂಡಿ ತೆರವಾಗಿದ್ದರೆ ಬಟ್ಟಲಿನ ಜ್ವಾಲೆ ನೇರ ಒಳಗೆ ಹಾರುತ್ತದೆ. ಆದ್ದರಿಂದ ತುಂಬುವಾಗ ಕಿಂಡಿಯಲ್ಲಿ ಸೂಜಿ ಇಟ್ಟು, ಗುಂಡು ಕೂತ ಮೇಲೆ ಸೂಜಿಯನ್ನು ಹೊರಗೆಳೆಯುವುದು ನನ್ನ ರೂಢಿ.

ಇಷ್ಟೆಲ್ಲ ಸರಿಯಿದ್ದೂ ಗುಂಡು ಗುರಿಯ ಪಕ್ಕಕ್ಕೆ ಹೋಗುತ್ತಿದ್ದರೆ ಕಾರಣ ಕಣ್ಣೆದುರಿನ ಮಿಂಚಿಗೆ ಬೆದರುವ ತಲೆ. ಕಲ್ಲಿನ ಜಾಗದಲ್ಲಿ ಅದೇ ಅಳತೆಯ ಮರದ ಚೂರು ಸಿಕ್ಕಿಸಿ, ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಕುದುರೆ ಬೀಳಿಸಿ. ಕುದುರೆ ಬಿದ್ದ ಮೇಲೂ ಗುರಿಯ ಮೊನೆಯನ್ನು ಅದೇ ಜಾಗದಲ್ಲಿ ಹಿಡಿದು, ಬಾಯಲ್ಲಿ ಒಂದು, ಎರಡು ಎಂದು ಎಣಿಸಿದ ಬಳಿಕವೇ ಕೆನ್ನೆಯನ್ನು ಮರದಿಂದ ಎತ್ತಿ. ನನಗೆ ಅದು ಮೈಗೂಡಲು ಎರಡು ಚಳಿಗಾಲ ಬೇಕಾಯಿತು.